ಹಳೆಯ ರಾಕ್ ಹಾಡಿನ ತುಣುಕು, ಹೊಸ ಕನ್ನಡ ಹಾಡು: ಬಳ್ಳಾರಿಯ ಮನೆ ಸ್ಟುಡಿಯೊದಲ್ಲಿ ಸ್ಯಾಂಪಲಿಂಗ್

ಹಳೆಯ ರಾಕ್ ಹಾಡಿನ ಒಂದು ತುಣುಕನ್ನು ಎತ್ತಿಕೊಂಡು ಅದರ ಮೇಲೆ ಹೊಸ ಹಾಡು ಕಟ್ಟುವುದು ಪಾಪ್ ಮತ್ತು ಹಿಪ್‌ಹಾಪ್ ಲೋಕದಲ್ಲಿ ನಿತ್ಯದ ಕೆಲಸ. ಜೇ-ಝೀ 2003ರ ‘99 ಪ್ರಾಬ್ಲಮ್ಸ್’ನಲ್ಲಿ ಬಿಲ್ಲಿ ಸ್ಕ್ವೈಯರ್ ಅವರ 1980ರ ‘ದ ಬಿಗ್ ಬೀಟ್’ನಿಂದ ಡ್ರಮ್ ತೆಗೆದುಕೊಂಡರು. ಎಂ.ಐ.ಎ. ‘ಪೇಪರ್ ಪ್ಲೇನ್ಸ್’ಗೆ ದ ಕ್ಲ್ಯಾಶ್ ತಂಡದ 1982ರ ‘ಸ್ಟ್ರೇಟ್ ಟು ಹೆಲ್’ನ ಆರಂಭದ ಗಿಟಾರ್ ಬಳಸಿದರು. ಎಮಿನೆಮ್ ‘ಸಿಂಗ್ ಫಾರ್ ದ ಮೊಮೆಂಟ್’ನಲ್ಲಿ ಏರೋಸ್ಮಿತ್‌ನ 1973ರ ‘ಡ್ರೀಮ್ ಆನ್’ ಹಾಡಿನ ಪಲ್ಲವಿಯನ್ನೇ ತಂದರು. ಡ್ರಮ್, ರಿಫ್ (ಮತ್ತೆ ಮತ್ತೆ ಬರುವ ವಾದ್ಯದ ಚಿಕ್ಕ ಎಳೆ), ಪಲ್ಲವಿ: ಈ ಮೂರರಲ್ಲಿ ಯಾವುದು ಬೇಕು ಎಂದು ನೀವು ಮೊದಲು ತೀರ್ಮಾನಿಸಬೇಕು. ಯಾಕೆಂದರೆ ಮೂರಕ್ಕೂ ಕೆಲಸ ಬೇರೆ, ಖರ್ಚು ಬೇರೆ, ಕೆಡುವ ರೀತಿಯೂ ಬೇರೆ.

ಡ್ರಮ್ ತುಣುಕು ಎಲ್ಲಕ್ಕಿಂತ ಹಗುರ. ಅದಕ್ಕೆ ಗಟ್ಟಿ ಸ್ವರವಿಲ್ಲದ ಕಾರಣ ಯಾವ ಶ್ರುತಿಯ ಹಾಡಿಗೂ ಒಗ್ಗುತ್ತದೆ. ರಿಫ್ ತೆಗೆದುಕೊಂಡರೆ ಶ್ರುತಿ, ಟೆಂಪೊ (ಹಾಡಿನ ವೇಗ) ಎರಡನ್ನೂ ಅದಕ್ಕೆ ಒಪ್ಪಿಸಬೇಕು. ಪಲ್ಲವಿ ತಂದರೆ ಕೇಳುವವರಿಗೆ ನಿಮ್ಮ ಹಾಡಿಗಿಂತ ಮೊದಲು ಹಳೆಯ ಹಾಡೇ ನೆನಪಾಗುತ್ತದೆ. ಕನ್ನಡದಲ್ಲಿ ಬರೆಯುವವರು ಮೊದಲ ಹಾಡಿಗೆ ಡ್ರಮ್ ಅಥವಾ ರಿಫ್ ಹಿಡಿಯುವುದೇ ಸರಿ. ಇಂಗ್ಲಿಷ್ ಪಲ್ಲವಿಯ ಕೆಳಗೆ ಕನ್ನಡ ಸಾಹಿತ್ಯ ಹೆಚ್ಚಾಗಿ ತುಂಬುವ ಸಾಲಾಗಿ ಉಳಿದುಬಿಡುತ್ತದೆ.

ಬೇಕಾದದ್ದು

ನಾಲ್ಕು ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು, ಎಂಟು ಇದ್ದರೆ ನೆಮ್ಮದಿ. ತುಣುಕು ಕತ್ತರಿಸಲು ಉಚಿತವಾಗಿ ಸಿಗುವ ಆಡಾಸಿಟಿ, ಹಾಡು ಜೋಡಿಸಲು ರೀಪರ್. ಫೋನಿನಲ್ಲೇ ಮಾಡುವುದಾದರೆ ಬ್ಯಾಂಡ್‌ಲ್ಯಾಬ್ ಆಗುತ್ತದೆ, ಆದರೆ ಬಾರ್ ಬಾರ್‌ಗೂ (ಬಾರ್ ಎಂದರೆ ತಾಳದ ಒಂದು ಸುತ್ತು) ಗುರುತು ಹಾಕುವ ಸೂಕ್ಷ್ಮ ಕೆಲಸಕ್ಕೆ ಅದರ ಪರದೆ ಸಾಲದು. ಕಿವಿ ಮುಚ್ಚುವ ವೈರ್ ಹೆಡ್‌ಫೋನ್ ಬೇಕೇ ಬೇಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಶಬ್ದ ತಡವಾಗಿ ಬರುವುದರಿಂದ ನುಡಿಸಿ ರೆಕಾರ್ಡ್ ಮಾಡುವಾಗ ಬೀಟ್ ಹಿಂದೆ ಬೀಳುತ್ತದೆ.

ಮೂಲ ಹಾಡನ್ನು ಸಿ.ಡಿ.ಯಿಂದ ವೇವ್ ಫೈಲ್ ಆಗಿ ತೆಗೆಯಿರಿ, ಇಲ್ಲವೇ ಫ್ಲ್ಯಾಕ್ ಫೈಲ್ ಕೊಂಡುಕೊಳ್ಳಿ. ಯೂಟ್ಯೂಬಿನಿಂದ ಇಳಿಸಿದ ಎಂಪಿ3 ಕೇಳಲು ಚೆನ್ನಾಗಿಯೇ ಇರುತ್ತದೆ. ಟೆಂಪೊ ಎಳೆದ ಕೂಡಲೇ ಅದರ ಬಣ್ಣ ಬಯಲಾಗುತ್ತದೆ: ಸಿಂಬಲ್ ಕಲಕಿದ ನೀರಿನಂತೆ ಗುಳುಗುಳು ಎನ್ನತೊಡಗುತ್ತದೆ. ಫೈಲ್ ಚಿಕ್ಕದಾಗಿಸುವಾಗ ಬಿಸಾಡಿದ ಮಾಹಿತಿ ಮತ್ತೆ ಯಾವ ಇಕ್ಯೂನಿಂದಲೂ (ತಗ್ಗು, ಎತ್ತರದ ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಬರುವುದಿಲ್ಲ.

ಕತ್ತರಿಸುವುದು

ಹೊಸಬರ ಲೂಪ್ (ಸುತ್ತಿ ಸುತ್ತಿ ನುಡಿಯುವ ತುಣುಕು) ಕೆಡುವುದು ಹೆಚ್ಚಾಗಿ ಇಲ್ಲೇ. ಇಂದಿನ ಹಾಡುಗಳು ಕಂಪ್ಯೂಟರಿನ ಕ್ಲಿಕ್ (ಎಣಿಕೆ ಹಾಕುವ ಟಿಕ್ ಟಿಕ್ ಸದ್ದು) ಹಿಡಿದು ನಡೆಯುತ್ತವೆ. 60-70ರ ದಶಕದ ರಾಕ್ ತಂಡಗಳು ಬಹುಪಾಲು ಕ್ಲಿಕ್ ಇಲ್ಲದೆ, ಒಬ್ಬರನ್ನೊಬ್ಬರು ಕೇಳುತ್ತಾ ನುಡಿಸಿದವರು. ಪಲ್ಲವಿ ಬಂದಾಗ ಲಯ ಸ್ವಲ್ಪ ಏರುತ್ತದೆ, ಚರಣಕ್ಕೆ ಇಳಿಯುತ್ತದೆ. ನಮ್ಮ ಭಜನೆ ಮೇಳದಲ್ಲಿ ಆಗುವುದೂ ಅದೇ. ಆದ್ದರಿಂದ ಸಾಫ್ಟ್‌ವೇರ್ ‘84 ಬಿಪಿಎಂ’ (ನಿಮಿಷಕ್ಕೆ 84 ಎಣಿಕೆ) ಎಂದು ತೋರಿಸಿದರೆ ಅದನ್ನು ಸರಾಸರಿ ಎಂದಷ್ಟೇ ತಿಳಿಯಿರಿ.

ಲೆಕ್ಕ ಸರಳ. 4/4 ಲಯದಲ್ಲಿ ಒಂದು ಬಾರ್‌ನ ಸೆಕೆಂಡು ಬೇಕಿದ್ದರೆ 240ನ್ನು ಬಿಪಿಎಂನಿಂದ ಭಾಗಿಸಿ. 84ಕ್ಕೆ 2.857 ಸೆಕೆಂಡ್. ಎರಡು ಬಾರ್ ಸೇರಿದರೆ ಆದಿತಾಳದ ಒಂದು ಆವರ್ತದಷ್ಟು, ಎಂಟು ಎಣಿಕೆ. ಈಗ ನಿಮ್ಮ ತುಣುಕಿನ ಪ್ರತಿ ಬಾರ್‌ನ ಮೊದಲ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಪೆಟ್ಟಿನ ಮೇಲೆ ಗುರುತು ಹಾಕಿ ಅಳೆಯಿರಿ. ಉದಾಹರಣೆಗೆ 2.84, 2.86, 2.88, 2.85 ಎಂದು ಬರಬಹುದು. ಒಟ್ಟು 11.43, ಅಂದರೆ ನಾಲ್ಕು ಬಾರ್‌ನ ಲೆಕ್ಕ ಸರಿಯಾಗಿದೆ, ಒಳಗೆ ಮಾತ್ರ ಓಲಾಡಿದೆ. ಪ್ರತಿ ಬಾರ್‌ನ ಒಂದನೇ ಎಣಿಕೆಯನ್ನಷ್ಟೇ ಗ್ರಿಡ್‌ಗೆ (ಸಾಫ್ಟ್‌ವೇರ್ ಎಳೆದ ಎಣಿಕೆಯ ಗೆರೆಗಳಿಗೆ) ತಂದು ಕೂರಿಸಿ, ನಡುವಿನ ಪೆಟ್ಟುಗಳನ್ನು ಮುಟ್ಟಬೇಡಿ. ಸ್ನೇರ್ (ಚಟ್ಟನೆ ಸಿಡಿಯುವ ಸಣ್ಣ ಡ್ರಮ್) ಕೂದಲೆಳೆಯಷ್ಟು ಹಿಂದೆ ಬೀಳುವುದೇ ಆ ಡ್ರಮ್ಮರ್‌ನ ನಡಿಗೆ. ಎಲ್ಲ ಪೆಟ್ಟನ್ನೂ ಗೆರೆಗೆ ಎಳೆದರೆ ಡ್ರಮ್ ಮೆಷಿನ್ ಉಳಿಯುತ್ತದೆ. ಅದಕ್ಕೆ ಹಳೆಯ ರೆಕಾರ್ಡ್ ಬೇಕಿರಲಿಲ್ಲ.

ಎಷ್ಟು ಬಾರ್ ಕತ್ತರಿಸಬೇಕು ಎಂಬುದನ್ನು ಕಿವಿಯಿಂದ ಎಣಿಸಿ ನೋಡಿ. ಲೆಡ್ ಝೆಪ್ಪೆಲಿನ್‌ನ ‘ಕಾಶ್ಮೀರ್’ ಹಾಡಿನಲ್ಲಿ ಡ್ರಮ್ ನಾಲ್ಕರ ಎಣಿಕೆಯಲ್ಲಿ ನಡೆದರೆ ಗಿಟಾರ್ ಮೂರರ ಎಣಿಕೆಯಲ್ಲಿ ಸುತ್ತುತ್ತದೆ. ಎರಡೂ ಕೂಡಿ ಮೊದಲಿಗೆ ಬರುವುದು ಹನ್ನೆರಡನೇ ಎಣಿಕೆ ಮುಗಿದ ಮೇಲೆ. ಅಭ್ಯಾಸಬಲದಿಂದ ನಾಲ್ಕು ಬಾರ್ ಕತ್ತರಿಸಿದರೆ ಪ್ರತಿ ಸುತ್ತಿಗೂ ಗಿಟಾರ್ ಎಡವುತ್ತದೆ, ಮೂರೇ ಬಾರ್ ತೆಗೆದರೆ ಸರಾಗ.

ಇನ್ನು ಅಂಚು. ಅಲೆಯ ಗೆರೆ ಸೊನ್ನೆ ದಾಟುವ ಜಾಗದಲ್ಲೇ ಕತ್ತರಿಸಿ, ಎರಡೂ ತುದಿಗೆ 5 ಮಿಲಿಸೆಕೆಂಡ್ ಫೇಡ್ (ಸದ್ದು ಮೆಲ್ಲಗೆ ಏರುವುದು, ಇಳಿಯುವುದು) ಕೊಡಿ. ಇಲ್ಲದಿದ್ದರೆ ಪ್ರತಿ ಸುತ್ತಿಗೆ ‘ಟಕ್’ ಎಂಬ ಸದ್ದು. ಇಷ್ಟು ಮಾಡಿದರೂ ಲೂಪ್ ತಿರುಗುವ ಕಡೆ ಏನೋ ಕಡಿದಂತೆ ಕೇಳುತ್ತಿದ್ದರೆ ಅದು ಸಿಂಬಲ್ಲಿನ ಬಾಲ. ಕೊನೆಯ ಪೆಟ್ಟಿನ ನಾದ ಇನ್ನೂ ಆರಿಲ್ಲ, ಅಷ್ಟರಲ್ಲಿ ಮೊದಲ ಬಾರ್ ಶುದ್ಧವಾಗಿ ಶುರುವಾಗುತ್ತದೆ. ಪರಿಹಾರ: ಹಾಡಿನಲ್ಲಿ ಆ ರಿಫ್ ಮೊದಲ ಸಲ ಬಂದ ಜಾಗ ಬಿಟ್ಟು ಎರಡನೇ ಸಲ ಬಂದದ್ದನ್ನು ಕತ್ತರಿಸಿ. ಅದರ ಆರಂಭದಲ್ಲಿ ಹಿಂದಿನ ಸುತ್ತಿನ ನಾದ ಆಗಲೇ ಸೇರಿಕೊಂಡಿರುತ್ತದೆ, ಲೂಪ್ ತಾನಾಗಿ ಬೆಸೆಯುತ್ತದೆ. ಎರಡನೇ ಸಲದಲ್ಲಿ ಗಾಯಕ ದನಿ ತೆಗೆದಿದ್ದರೆ ಈ ಉಪಾಯ ನಡೆಯದು. ಆಗ ತುಣುಕಿನ ನಂತರದ ಅರ್ಧ ಸೆಕೆಂಡ್ ಬಾಲವನ್ನು ಬೇರೆ ಟ್ರ್ಯಾಕಿಗೆ ತೆಗೆದು ಲೂಪಿನ ಮೊದಲಿಗೆ ಹೊಂದಿಸಿ, ಮೆಲ್ಲಗೆ ಕರಗಿಸಿ.

ದನಿಯಿಂದ ವಾದ್ಯ ಬಿಡಿಸಲು ಎರಡು ದಾರಿಗಳಿವೆ. 60ರ ದಶಕದ ಸ್ಟೀರಿಯೊ ರೆಕಾರ್ಡುಗಳಲ್ಲಿ ಎಷ್ಟೋ ಸಲ ಡ್ರಮ್ ಪೂರ್ತಿ ಒಂದು ಕಿವಿಗೆ, ಹಾಡು ಇನ್ನೊಂದಕ್ಕೆ ಇರುತ್ತದೆ. ಹಾಗಿದ್ದರೆ ಒಂದು ಚಾನೆಲ್ ತೆಗೆದು ಮೋನೊ ಮಾಡಿಕೊಂಡರೆ ಕೆಲಸ ಮುಗಿಯಿತು. ಹಾಗಿಲ್ಲದಿದ್ದರೆ ಡೆಮಕ್ಸ್‌ನಂಥ ಉಚಿತ ಸಾಧನ ಹಾಡನ್ನು ಡ್ರಮ್, ಬೇಸ್, ದನಿ, ಉಳಿದದ್ದು ಎಂದು ನಾಲ್ಕಾಗಿ ಒಡೆಯುತ್ತದೆ. ಇಡೀ ಹಾಡು ಕೊಡಬೇಡಿ, ಬೇಕಾದ ಮೂವತ್ತು ಸೆಕೆಂಡ್ ಮಾತ್ರ ಕೊಡಿ, ಹಳೆಯ ಲ್ಯಾಪ್‌ಟಾಪ್ ಬಿಸಿಯಾಗುವುದು ತಪ್ಪುತ್ತದೆ. ಬಿಡಿಸಿದ ಡ್ರಮ್ಮಿನಲ್ಲಿ ಸಿಂಬಲ್ ಸ್ವಲ್ಪ ಮಸುಕಾಗಿಯೇ ಇರುತ್ತದೆ, ಅದನ್ನು ನಿಮ್ಮದೇ ಹೈ-ಹ್ಯಾಟ್ ಕೆಳಗೆ ಅಡಗಿಸಿ.

ಶ್ರುತಿ, ಟೆಂಪೊ

ಹಳೆಯ ಟೇಪ್ ರೆಕಾರ್ಡಿಂಗುಗಳು ಇಂದಿನ ಕೀಬೋರ್ಡಿಗೆ ಕರಾರುವಾಕ್ಕಾಗಿ ಕೂಡುವುದಿಲ್ಲ. ಟೇಪಿನ ವೇಗ ಅಷ್ಟಿಷ್ಟು ಹೆಚ್ಚುಕಡಿಮೆ ಆಗಿರುತ್ತದೆ, ಗಿಟಾರುಗಳನ್ನು ಅರ್ಧ ಸ್ವರ ಇಳಿಸಿಯೂ ನುಡಿಸಿರುತ್ತಾರೆ. ಫೋನಿನಲ್ಲಿ ತಂಬೂರಿ ಆ್ಯಪ್ ಹಚ್ಚಿ ತುಣುಕಿನ ಮೂಲ ಸ್ವರದ ಜೊತೆ ಕೇಳಿ. ಎರಡರ ನಡುವೆ ‘ವಾಂವ್ ವಾಂವ್’ ಎಂಬ ಅಲೆ ನಿಲ್ಲುವವರೆಗೆ ಆ್ಯಪಿನ ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಪಾಲು) ತಿರುಗಿಸಿ. 20 ಸೆಂಟ್ಸ್ ಮೇಲೆ ನಿಂತರೆ ನಿಮ್ಮ ತುಣುಕನ್ನು 20 ಸೆಂಟ್ಸ್ ಇಳಿಸಬೇಕು ಎಂದರ್ಥ. ಈ ಹೆಜ್ಜೆ ಬಿಟ್ಟವರ ಹಾಡಿನಲ್ಲಿ ಬೇಸ್ ಸೇರಿದ ಕೂಡಲೇ ಎಲ್ಲವೂ ಅಪಸ್ವರ ಎನಿಸುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಟೆಂಪೊ ವಿಷಯದಲ್ಲಿ ನಮ್ಮ ಸಲಹೆ ಒಂದೇ: ಸಾಧ್ಯವಾದಷ್ಟು ತುಣುಕಿನ ಸ್ವಂತ ಟೆಂಪೊದಲ್ಲೇ ಹಾಡು ಕಟ್ಟಿ. ಬದಲಿಸಲೇಬೇಕಾದರೆ ಶ್ರುತಿ ಮತ್ತು ವೇಗವನ್ನು ಒಟ್ಟಿಗೆ ಏರಿಸಿ, ಹಿಂದೆ ರೆಕಾರ್ಡ್ ಪ್ಲೇಯರ್ ವೇಗವಾಗಿ ತಿರುಗಿಸಿದಂತೆ. 84 ಬಿಪಿಎಂನಲ್ಲಿ ಬಿಳಿ ಮೂರು ಶ್ರುತಿಯಲ್ಲಿರುವ ರಿಫ್ ಅನ್ನು ಎರಡು ಅರ್ಧಸ್ವರ ಏರಿಸಿದರೆ ಕಪ್ಪು ಮೂರಕ್ಕೆ ಬರುತ್ತದೆ, ವೇಗ 94.3 ಆಗುತ್ತದೆ. ಹಾಡಿನ ಟೆಂಪೊವನ್ನೂ 94.3 ಎಂದೇ ಇಡಿ, 94 ಎಂದು ದುಂಡು ಮಾಡಬೇಡಿ, ಎಂಟು ಬಾರ್ ಹೊತ್ತಿಗೆ ಎಲ್ಲ ಜರುಗಿರುತ್ತದೆ. ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ಬದಲಿಸುವುದಾದರೆ ಡ್ರಮ್ಮಿಗೆ 5-6 ಪ್ರತಿಶತ, ದಪ್ಪ ಗಿಟಾರ್ ನಾದಕ್ಕೆ 10 ಪ್ರತಿಶತ ಮಿತಿ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಡ್ರಮ್ಮನ್ನು ಎಳೆಯದೆ ಪೆಟ್ಟು ಪೆಟ್ಟಾಗಿ ಕತ್ತರಿಸಿ ಜರುಗಿಸಿ.

ಅನುಮತಿಯ ಲೆಕ್ಕ

ಏಳು ಸೆಕೆಂಡಿನವರೆಗೆ ಪುಕ್ಕಟೆ, ಶ್ರುತಿ ಬದಲಿಸಿದರೆ ಯೂಟ್ಯೂಬಿಗೆ ಗೊತ್ತಾಗುವುದಿಲ್ಲ ಎಂಬ ಮಾತುಗಳು ಬಹಳ ಓಡಾಡುತ್ತವೆ. ಎರಡೂ ಸುಳ್ಳು. ಕಾನೂನಿನಲ್ಲಿ ಇಂತಿಷ್ಟು ಸೆಕೆಂಡ್ ಬಿಟ್ಟಿ ಎಂಬ ವಿನಾಯಿತಿ ಇಲ್ಲ. ಹಕ್ಕಿರುವ ಹಾಡನ್ನು ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಶ್ರುತಿ ಏರಿಸಿದ ತುಣುಕನ್ನೂ ಹಿಡಿಯಬಲ್ಲದು.

ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಹಾಡನ್ನು ರಚಿಸಿದ ಹಕ್ಕು ಒಂದು, ಆ ದಿನ ಸ್ಟುಡಿಯೊದಲ್ಲಿ ಮುದ್ರಿಸಿದ ಧ್ವನಿಯ ಹಕ್ಕು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಪಬ್ಲಿಷರ್ (ರಚನೆಯ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಕೈಯಲ್ಲಿ, ಎರಡನೆಯದು ರೆಕಾರ್ಡ್ ಕಂಪನಿಯ ಕೈಯಲ್ಲಿ. ತುಣುಕನ್ನು ನೇರವಾಗಿ ಎತ್ತಿಕೊಂಡರೆ ಎರಡೂ ಅನುಮತಿ ಬೇಕು. ಸಿ.ಡಿ.ಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಪಿ’ ಅಕ್ಷರದ ಮುಂದೆ ಇರುವ ಹೆಸರೇ ಧ್ವನಿಮುದ್ರಿಕೆಯ ಒಡೆಯ. ರಚನಕಾರರ ಹೆಸರು ಕ್ರೆಡಿಟ್‌ನಲ್ಲಿ ಸಿಗುತ್ತದೆ.

ಈ ಎರಡು ಹಕ್ಕುಗಳ ವ್ಯತ್ಯಾಸ ಹಣದಲ್ಲಿ ಹೇಗೆ ಕಾಣುತ್ತದೆ ನೋಡಿ. ಪಫ್ ಡ್ಯಾಡಿಯ 1997ರ ‘ಐ ವಿಲ್ ಬಿ ಮಿಸ್ಸಿಂಗ್ ಯು’ ಹಾಡು ದ ಪೊಲೀಸ್ ತಂಡದ ‘ಎವೆರಿ ಬ್ರೆತ್ ಯು ಟೇಕ್’ನ ಗಿಟಾರ್ ಮೇಲೆ ನಿಂತಿದೆ. ಆ ಗಿಟಾರ್ ನುಡಿಸಿದವರು ಆಂಡಿ ಸಮ್ಮರ್ಸ್. ಆದರೆ ಹಾಡಿನ ರಚನಕಾರರೆಂದು ದಾಖಲಾಗಿರುವುದು ಸ್ಟಿಂಗ್ ಒಬ್ಬರೇ, ರಚನೆಯ ಪಾಲು ಹೋದದ್ದೂ ಅವರಿಗೇ. ದ ವರ್ವ್ ತಂಡದ 1997ರ ‘ಬಿಟರ್ ಸ್ವೀಟ್ ಸಿಂಫನಿ’ಯ ಕಥೆ ಇನ್ನೂ ಕಠಿಣ. ರೋಲಿಂಗ್ ಸ್ಟೋನ್ಸ್ ಹಾಡೊಂದರ ವಾದ್ಯವೃಂದ ರೂಪದಿಂದ ತುಣುಕು ತೆಗೆದ ತಕರಾರಿನಲ್ಲಿ ರಚನೆಯ ಹಕ್ಕು ಪೂರ್ತಿ ಕೈಬಿಟ್ಟುಹೋಯಿತು. ಸ್ಟೋನ್ಸ್‌ನ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಅದನ್ನು ವರ್ವ್‌ನ ಗಾಯಕ ರಿಚರ್ಡ್ ಆ್ಯಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟದ್ದು 2019ರಲ್ಲಿ.

‘ಹಳೆಯದಲ್ಲವೇ, ಅವಧಿ ಮುಗಿದಿರಬಹುದು’ ಎಂದುಕೊಳ್ಳುವವರು ಇದನ್ನು ಗಮನಿಸಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ. 1971ರ ರೆಕಾರ್ಡ್ ಎಂದರೆ 2031ರ ಕೊನೆಯವರೆಗೆ. ರಚನೆಗಾದರೆ ರಚನಕಾರ ತೀರಿಕೊಂಡ ನಂತರ 60 ವರ್ಷ, ಹಲವರು ಸೇರಿ ರಚಿಸಿದ್ದರೆ ಕೊನೆಯವರು ತೀರಿಕೊಂಡ ಮೇಲಿಂದ ಎಣಿಕೆ. ಇಲ್ಲಿ ಅವಧಿ ಮುಗಿದರೂ ಅಮೆರಿಕದಲ್ಲಿ 1957ರಿಂದ 1972ರ ಆರಂಭದವರೆಗಿನ ರೆಕಾರ್ಡುಗಳಿಗೆ 2067ರವರೆಗೆ ರಕ್ಷಣೆ ಇದೆ. ಆನ್‌ಲೈನಿಗೆ ಹಾಕಿದ ಹಾಡು ಬಳ್ಳಾರಿಯಲ್ಲಷ್ಟೇ ಕೇಳಿಸುವುದಿಲ್ಲವಲ್ಲ.

ನಾವೇ ನುಡಿಸಿಕೊಳ್ಳುವ ದಾರಿ

ಆದ್ದರಿಂದ ನಾವು ಒತ್ತಿ ಹೇಳುವುದು ಇದು: ಮೂಲ ತುಣುಕಿನಿಂದ ಹಾಡಿನ ನಕ್ಷೆ ಮಾಡಿಕೊಳ್ಳಿ, ಬಿಡುಗಡೆಗೆ ಆ ರಿಫ್ಫನ್ನು ಹೊಸದಾಗಿ ನುಡಿಸಿ ಮುದ್ರಿಸಿ. ಆಗ ಧ್ವನಿಮುದ್ರಿಕೆಯ ಅನುಮತಿ ಬೇಡ, ರಚನೆಯದು ಒಂದೇ ಸಾಕು. ದುವಾ ಲಿಪಾ ಅವರ 2020ರ ‘ಬ್ರೇಕ್ ಮೈ ಹಾರ್ಟ್’ನಲ್ಲಿ ಇನೆಕ್ಸೆಸ್ ತಂಡದ 1987ರ ಹಾಡಿನ ಗಿಟಾರ್ ಎಳೆಯನ್ನು ನೆನಪಿಸುವ ರಿಫ್ ಇದೆ, ಅದರ ರಚನಕಾರರಿಬ್ಬರಿಗೂ ಕ್ರೆಡಿಟ್ ಕೊಟ್ಟಿದ್ದಾರೆ. ಹಾಡಿನ ಸಾಹಿತ್ಯ ಬದಲಿಸುವುದರಿಂದ ‘ಕವರ್ ವರ್ಷನ್’ (ಇದ್ದ ಹಾಡನ್ನೇ ಮತ್ತೆ ಹಾಡಿ ಮುದ್ರಿಸುವ) ನಿಯಮ ಇದಕ್ಕೆ ಒದಗುವುದಿಲ್ಲ, ಪಬ್ಲಿಷರನ್ನೇ ಕೇಳಬೇಕು.

ನುಡಿಸುವವರಿಗೆ ಬಳ್ಳಾರಿಯಲ್ಲಿ ಬರವಿಲ್ಲ. ಮದುವೆ, ಜಾತ್ರೆ, ಗಣೇಶನ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್, ಕೀಬೋರ್ಡ್, ರಿದಮ್ ಪ್ಯಾಡ್ ನುಡಿಸುವವರು ಕೇಳಿದ ಕೂಡಲೇ ಹಾಡು ಹಿಡಿಯುವ ಪಳಗಿದ ಕೈಗಳು. ಮದುವೆ ಸೀಸನ್ ಇಲ್ಲದ ತಿಂಗಳು ನೋಡಿ ಕರೆಯಿರಿ, ಸಂಭಾವನೆ ಮೊದಲೇ ಮಾತಾಡಿ, ಹಾಡು ಬಿಡುಗಡೆ ಮಾಡಲು ಅವರ ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕ್ರೆಡಿಟ್‌ನಲ್ಲಿ ಅವರ ಹೆಸರು ತಪ್ಪದೆ ಇರಲಿ.

ಗಿಟಾರನ್ನು ಆಡಿಯೊ ಇಂಟರ್‌ಫೇಸಿನ (ಗಿಟಾರ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ‘ಇನ್‌ಸ್ಟ್ರುಮೆಂಟ್’ ಇನ್‌ಪುಟ್ಟಿಗೇ ಸಿಕ್ಕಿಸಿ. ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ನಾದ ಮಂಕು ಹಿಡಿಯುತ್ತದೆ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ಆಗಲೂ ಹೋಗದಿದ್ದರೆ ಮನೆಯ ಯುಪಿಎಸ್ ಹತ್ತಿರವಿದೆಯೇ ನೋಡಿ, ಗಿಟಾರಿಸ್ಟ್ ಕೂತ ದಿಕ್ಕನ್ನು ಕಾಲುಸುತ್ತು ತಿರುಗಿಸಿದರೆ ಪಿಕಪ್ ಹಿಡಿಯುವ ಸದ್ದು ಇಳಿಯುತ್ತದೆ.

ಮೈಕ್ ಮುಂದೆ ಹಾಡಲು ಕೋಣೆ ಬೇಕು, ಇಲ್ಲಿನ ಬರಿ ಗೋಡೆ, ಕಲ್ಲಿನ ನೆಲದ ಕೋಣೆಗಳು ಹಾಡನ್ನು ಬಾವಿಗೆ ತಳ್ಳುತ್ತವೆ. ದುಬಾರಿ ಫೋಮ್ ತರಿಸುವ ಬದಲು ಊರಿನದೇ ಸರಕು ಬಳಸಿ: ಜೀನ್ಸ್ ಯೂನಿಟ್ಟುಗಳ ಕಟಿಂಗ್ ವೇಸ್ಟ್. ಎರಡಡಿ ಅಗಲ, ನಾಲ್ಕಡಿ ಎತ್ತರ, ನಾಲ್ಕಿಂಚು ಆಳದ ಮರದ ಚೌಕಟ್ಟು ಮಾಡಿಸಿ. ಒಂದಕ್ಕೆ ಮೂರರಿಂದ ನಾಲ್ಕು ಕಿಲೊ ತುಂಡು ಬಟ್ಟೆ ಹಿಡಿಸುತ್ತದೆ. ಬಟನ್, ಜಿಪ್ ಇರುವ ತುಂಡು ಆರಿಸಿ ಬಿಡಿ. ಒತ್ತೊತ್ತಾಗಿ ತುರುಕಿದರೆ ಹಲಗೆಯಂತೆ ಗಟ್ಟಿಯಾಗಿ ಸದ್ದು ವಾಪಸ್ ಬರುತ್ತದೆ, ತೀರ ಸಡಿಲ ಬಿಟ್ಟರೆ ವಾರದೊಳಗೆ ಎಲ್ಲ ಕೆಳಗೆ ಕುಸಿಯುತ್ತದೆ. ಎಂಟಿಂಚಿಗೊಂದು ಅಡ್ಡ ಹೊಲಿಗೆ ಹಾಕಿ ಕೌದಿಯಂತೆ ಹಿಡಿದಿಡಿ. ಮುಂದಿನ ಹೊದಿಕೆ ತೆಳು ಹತ್ತಿಬಟ್ಟೆ, ಬಾಯಿಂದ ಊದಿದರೆ ಗಾಳಿ ಆಚೆ ಬರುವಂಥದ್ದು. ಹಾಡುವವರ ಬೆನ್ನಿಗೆ ಎರಡು, ಅಕ್ಕಪಕ್ಕ ಒಂದೊಂದು, ನಾಲ್ಕಾದರೆ ಸಣ್ಣ ಕೋಣೆಗೆ ಸಾಕು. ಹತ್ತಿಗೆ ಬೇಗ ಬೆಂಕಿ ಹತ್ತುತ್ತದೆ, ಸ್ವಿಚ್‌ಬೋರ್ಡ್ ಮತ್ತು ದೀಪದಿಂದ ದೂರ ಇಡಿ. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್, ಕೂಲರ್ ಎರಡೂ ಬಂದ್. ಬೇಸಿಗೆಯಲ್ಲಿ ಬೆಳಗಿನ ಐದರಿಂದ ಎಂಟರೊಳಗೆ ಮುಗಿಸುವುದು ಒಳಿತು.

ಡ್ರಮ್ಮಿಗೆ ಮಾತ್ರ ಉಲ್ಟಾ, ಗೋಡೆಯ ಮಾರುಲಿ ಬೇಕು. ಲೆಡ್ ಝೆಪ್ಪೆಲಿನ್‌ನ 1971ರ ‘ವೆನ್ ದ ಲೆವೀ ಬ್ರೇಕ್ಸ್’ನ ಡ್ರಮ್ಮನ್ನು ಬೀಸ್ಟೀ ಬಾಯ್ಸ್ 1986ರಲ್ಲಿ, ಬಿಯಾನ್ಸೆ 2016ರಲ್ಲಿ ಬಳಸಿದರು. ಆ ಸದ್ದಿನ ಗುಟ್ಟು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಮೆಟ್ಟಿಲ ಹಜಾರ. ಜಾನ್ ಬಾನಮ್ ಕೆಳಗೆ ನುಡಿಸಿದರು, ಮೈಕುಗಳು ಮೇಲೆ ಮೆಟ್ಟಿಲ ಬಳಿ ಇದ್ದವು. ಮೂರಂತಸ್ತಿನ ಮನೆಯ ಮೆಟ್ಟಿಲು ಅಥವಾ ಮುಹೂರ್ತವಿಲ್ಲದ ದಿನದ ಖಾಲಿ ಕಲ್ಯಾಣಮಂಟಪ ನಿಮಗೂ ಸಿಗುತ್ತದೆ. ಡ್ರಮ್ ಸೆಟ್ ಇಲ್ಲದಿದ್ದರೆ ಹಲಗೆ, ಡೊಳ್ಳು ಬಾರಿಸಿ. ರಾಕ್ ರಿಫ್ಫಿನ ಕೆಳಗೆ ಡೊಳ್ಳಿನ ಗುಮ್ಮು ಕಿಕ್ಕಿನ ಜಾಗದಲ್ಲಿ, ಹಲಗೆಯ ಚಟ್ಟು ಸ್ನೇರಿನ ಜಾಗದಲ್ಲಿ ಬಲು ಚೆನ್ನಾಗಿ ಕೂರುತ್ತವೆ. ಹಲಗೆ ಕಾಯಿಸಿದ ಕೂಡಲೇ ಮುದ್ರಿಸಿ, ಆರುತ್ತಾ ಹೋದಂತೆ ಸ್ವರ ಇಳಿದು ಮೊದಲ ಟೇಕಿಗೂ ಐದನೆಯದಕ್ಕೂ ಹೊಂದುವುದಿಲ್ಲ. ಮಟ್ಟ -12 ಡೆಸಿಬೆಲ್ ದಾಟದಿರಲಿ. ಮೈಕ್ ಹನ್ನೆರಡಡಿ ದೂರವಿದ್ದರೆ ಸದ್ದು ಸುಮಾರು 11 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಆ ಟ್ರ್ಯಾಕನ್ನು ಅಷ್ಟು ಎಡಕ್ಕೆ, ಅಂದರೆ ಬೇಗ ಬರುವಂತೆ ಜರುಗಿಸಿ.

ಹಾಡು ಕೂರಿಸುವುದು

ತುಣುಕು ರಿಫ್ ಆಗಿದ್ದರೆ 120-150 ಹರ್ಟ್ಸ್ ಕೆಳಗಿನದನ್ನು ಇಕ್ಯೂನಿಂದ ತೆಗೆದು ಹೊಸ ಕಿಕ್ ಮತ್ತು ಬೇಸಿಗೆ ಜಾಗ ಮಾಡಿ. ಬೇಸ್ ರಿಫ್ಫೇ ನಿಮ್ಮ ತುಣುಕಾಗಿದ್ದರೆ ಈ ಹೆಜ್ಜೆ ಬಿಡಿ. 2-4 ಕಿಲೊಹರ್ಟ್ಸ್ ನಡುವೆ ಮೂರ್ನಾಲ್ಕು ಡೆಸಿಬೆಲ್ ಇಳಿಸಿದರೆ ಸಾಹಿತ್ಯ ಸ್ಪಷ್ಟವಾಗುತ್ತದೆ. ಹೊಸ ಕಿಕ್ ಸೇರಿಸಿದ ಮೇಲೆ ಸದ್ದು ದಪ್ಪವಾಗುವ ಬದಲು ತೆಳುವಾದರೆ ಎರಡೂ ಅಲೆಗಳು ಎದುರುಬದುರಾಗಿವೆ. ಒಂದರ ಪೊಲಾರಿಟಿ (ಅಲೆಯ ಮೇಲುಕೆಳಗು) ತಿರುಗಿಸಿ.

ಸಾಹಿತ್ಯಕ್ಕೆ ಒಂದೇ ಮಾತು. ರಾಕ್ ಡ್ರಮ್ಮಿನ ಬಲವೆಲ್ಲ ಎರಡು ಮತ್ತು ನಾಲ್ಕನೇ ಎಣಿಕೆಯ ಸ್ನೇರಿನಲ್ಲಿದೆ, ಕನ್ನಡದ ಬಲ ಒತ್ತಕ್ಷರದಲ್ಲಿ. ‘ಬಳ್ಳಾರಿ’ ಎಂಬ ಪದವನ್ನು ಅರ್ಧ ಎಣಿಕೆ ಮುಂಚೆ ಶುರುಮಾಡಿ, ‘ಳ್ಳಾ’ ಸರಿಯಾಗಿ ಸ್ನೇರ್ ಮೇಲೆ ಬೀಳುತ್ತದೆ. ಸಾಲು ಬರೆದ ಮೇಲೆ ಸ್ನೇರ್ ಬೀಳುವ ಅಕ್ಷರಗಳಿಗೆ ಗೆರೆ ಎಳೆದು ನೋಡಿ. ಅಲ್ಲೆಲ್ಲ ಹಗುರ ಅಕ್ಷರಗಳೇ ಇದ್ದರೆ ಪದ ಬದಲಿಸಿ.

ಈಗ ತುಣುಕನ್ನು ಮ್ಯೂಟ್ ಮಾಡಿ ಇಡೀ ಹಾಡು ಒಮ್ಮೆ ಕೇಳಿ. ದನಿ, ಬೇಸ್, ತಾಳ ಇಷ್ಟೇ ಉಳಿದರೂ ಹಾಡು ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ರಾಗ ಇನ್ನೂ ಸಿದ್ಧವಾಗಿಲ್ಲ, ಮತ್ತೆ ರಚಿಸಿ.

ಅನುಮತಿ ಪತ್ರವನ್ನು ಈ ಡೆಮೊ ಸಿದ್ಧವಾದ ಮೇಲೆ ಕಳಿಸಿ. ಅದರಲ್ಲಿ ಇರಬೇಕಾದದ್ದು: ಮೂಲ ಹಾಡಿನ ಹೆಸರು, ರಚನಕಾರರು, ಎಷ್ಟನೇ ಸೆಕೆಂಡಿನಿಂದ ಎಷ್ಟನೆಯದರವರೆಗೆ, ಹೊಸ ಹಾಡಿನಲ್ಲಿ ಅದು ಎಷ್ಟು ಸಲ ಬರುತ್ತದೆ, ಒಟ್ಟು ಎಷ್ಟು ಸೆಕೆಂಡ್, ನೇರ ತುಣುಕೋ ಹೊಸದಾಗಿ ನುಡಿಸಿದ್ದೋ, ಕನ್ನಡ ಸಾಹಿತ್ಯ ಮತ್ತು ಅದರ ಇಂಗ್ಲಿಷ್ ಅರ್ಥ, ಎಲ್ಲೆಲ್ಲಿ ಬಿಡುಗಡೆ. ಕೇಳಿದ್ದಕ್ಕಿಂತ ಒಂದು ಬಾರ್ ಹೆಚ್ಚು ಬಳಸಬೇಡಿ. ಉತ್ತರ ತಿಂಗಳುಗಟ್ಟಲೆ ಬಾರದಿರಬಹುದು. ಮೌನವನ್ನು ಒಪ್ಪಿಗೆ ಎಂದು ಎಣಿಸಬೇಡಿ, ಲಿಖಿತ ಉತ್ತರ ಕೈಗೆ ಬರುವ ಮುನ್ನ ಬಿಡುಗಡೆಯ ದಿನಾಂಕ ಪ್ರಕಟಿಸಬೇಡಿ.

ಇಲ್ಲ ಎಂದರೆ ರಿಫ್ಫಿನ ಸ್ವರಗಳನ್ನು ಬಿಟ್ಟು ಲಯ, ಟೆಂಪೊ ಮಾತ್ರ ಉಳಿಸಿಕೊಂಡು ಆರ್ಕೆಸ್ಟ್ರಾ ಗಿಟಾರಿಸ್ಟ್ ಕೈಯಲ್ಲಿ ಹೊಸ ರಿಫ್ ಕಟ್ಟಿಸಿ. ಇದಕ್ಕಾಗಿಯೇ ಪ್ರತಿ ಟ್ರ್ಯಾಕನ್ನೂ 24 ಬಿಟ್ ವೇವ್ ಆಗಿ ಬೇರೆ ಬೇರೆ ಉಳಿಸಿ, ಫೋಲ್ಡರಿನ ಹೆಸರಿನಲ್ಲೇ ಟೆಂಪೊ ಮತ್ತು ಶ್ರುತಿ ಬರೆದಿಡಿ.